ಟೀಚರಮ್ಮನ ಹೂತೊಟ್ಟಿ

ಆ ಓಣಿಯ ಮಕ್ಕಳೆಲ್ಲ ಅವಳನ್ನು ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಮಕ್ಕಳು ಕರೆದದ್ದು ತಾಯಂದಿರ ಬಾಯಿಗೆ ಬಂತು, ತಾಯಂದಿರಿಂದ ಅಂಗಡಿಯವರ ಬಾಯಿಗೆ. ಕೊನೆಗೆ ಯಾರಾದರೂ ಫೋನು ಮಾಡಿದರೆ ಅವಳ ಗಂಡನೇ "ವ್ಯಾನಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಆಮೇಲೆ ಮಾಡಿ" ಅನ್ನುವಷ್ಟು ಆ ಹೆಸರು ಅಂಟಿಕೊಂಡಿತು. ಹದಿನಾಲ್ಕು ವರ್ಷದಿಂದ ಅವಳು ಶಾಲೆಯ ಮಕ್ಕಳನ್ನು ತನ್ನ ಹಳೆಯ ಬಿಳಿ ವ್ಯಾನಿನಲ್ಲಿ ಕರೆದೊಯ್ದು ಕರೆತರುತ್ತಿದ್ದಳು. ಯಾವ ಮಗುವಿಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಯಾವುದು ಕಿಟಕಿಯ ಪಕ್ಕ ಜಾಗ ಸಿಗದಿದ್ದರೆ ರಂಪ ಮಾಡುತ್ತದೆ, ಅಪ್ಪ ಅಮ್ಮ ಜಗಳವಾಡಿದ ದಿನ ಯಾವುದು ತುಟಿ ಬಿಚ್ಚುವುದಿಲ್ಲ, ಎಲ್ಲ ಅವಳಿಗೆ ಗೊತ್ತಿತ್ತು.

ಓಡಿಸುವುದನ್ನು ಕಲಿಸಿದವನು ಅವಳಪ್ಪ. ಜೀವಮಾನವಿಡೀ ಲಾರಿ ಓಡಿಸಿದವನು. "ಮುಂದೆ ಹೋಗೋದನ್ನ ಯಾರು ಬೇಕಾದ್ರೂ ಮಾಡ್ತಾರೆ. ಹಿಂದಕ್ಕೆ ತೆಗೆಯೋವಾಗ್ಲೇ ಡ್ರೈವರ್ ಯೋಗ್ಯತೆ ಗೊತ್ತಾಗೋದು" ಅನ್ನುತ್ತಿದ್ದ. ಖಾಲಿ ಮೈದಾನದಲ್ಲಿ ಎಣ್ಣೆ ಡಬ್ಬಗಳನ್ನು ಸಾಲಾಗಿಟ್ಟು, ಅವುಗಳ ನಡುವೆ ಹಿಂದಕ್ಕೆ ಓಡಿಸಲು ಹೇಳುತ್ತಿದ್ದ. ಒಂದು ಡಬ್ಬ ಉರುಳಿದರೂ ಅವತ್ತಿನ ಪಾಠ ಮುಗಿಯಿತು; ಅಪ್ಪ ಮಾತಿಲ್ಲದೆ ಮನೆ ಕಡೆ ನಡೆಯುತ್ತಿದ್ದ, ಹದಿನೆಂಟರ ಹುಡುಗಿ ಡಬ್ಬಗಳನ್ನು ಎತ್ತಿಕೊಂಡು ಹಿಂದೆ ಓಡುತ್ತಿದ್ದಳು.

ಈಚೆಗೆ, ಎರಡು ವರ್ಷದಿಂದ, ಅವಳಿಗೊಂದು ಹೊಸ ಅಭ್ಯಾಸ ಹತ್ತಿತ್ತು. ವ್ಯಾನು ಹಿಂದಕ್ಕೆ ತೆಗೆಯುವ ಮೊದಲು ಕೆಳಗಿಳಿದು ಸುತ್ತು ಹಾಕಿ, ಚಕ್ರಗಳ ಹಿಂದೆ ಬಗ್ಗಿ ನೋಡಿ, ಮತ್ತೆ ಹತ್ತುವಳು. ಹತ್ತಿ ಕೂತ ಮೇಲೂ ಕೆಲವು ದಿನ ಅನುಮಾನವಾಗಿ ಇನ್ನೊಮ್ಮೆ ಇಳಿಯುವಳು. "ವ್ಯಾನಕ್ಕ ಪ್ರದಕ್ಷಿಣೆ ಹಾಕ್ತಿದ್ದಾರೆ, ಇನ್ನೂ ಎರಡು ಸುತ್ತು ಬಾಕಿ" ಎಂದು ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ತಾಯಂದಿರು ಮಾತ್ರ ಮೆಚ್ಚಿಕೊಳ್ಳುತ್ತಿದ್ದರು. "ಇಷ್ಟು ಜಾಗ್ರತೆ ಇರೋವ್ರು ಎಲ್ಲಿ ಸಿಗ್ತಾರೆ" ಎಂದು ಯಾರಾದರೂ ಅಂದರೆ ಅವಳು ತಲೆ ತಗ್ಗಿಸಿ ಗೇರು ಹಾಕುತ್ತಿದ್ದಳು. ಆ ಹೊಗಳಿಕೆ ಅವಳಿಂದ ಕೇಳಲಾಗುತ್ತಿರಲಿಲ್ಲ.

ಅವಳ ಮನೆ ಇದ್ದದ್ದು ಮುಂದೆ ದಾರಿಯಿಲ್ಲದ ಆ ಓಣಿಯ ಕೊನೆಯಲ್ಲಿ. ಓಣಿ ಬಾಗುವ ಮೂಲೆಯಲ್ಲಿ, ಟೀಚರಮ್ಮನ ಮನೆ ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು, ಇಟ್ಟಿಗೆಯ ಒಂದು ಹೂತೊಟ್ಟಿ ಇತ್ತು. ಮೊಣಕಾಲೆತ್ತರ, ಮಂಚದಷ್ಟು ಉದ್ದ. ಟೀಚರಮ್ಮ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತಿಯಾದವರು. ಓಣಿಯವರೆಲ್ಲ ಕಸ ಎಸೆಯುತ್ತಿದ್ದ ಮೂಲೆಗೆ ತಾವೇ ಇಟ್ಟಿಗೆ ಕಟ್ಟಿಸಿ, ಮಣ್ಣು ತುಂಬಿಸಿ, ಗುಲಾಬಿ, ಚೆಂಡುಹೂವು, ನಿತ್ಯಪುಷ್ಪ ಬೆಳೆಸಿದ್ದರು. ದಿನಾ ಬೆಳಿಗ್ಗೆ ತಗಡಿನ ಹಸಿರು ಕ್ಯಾನಿನಲ್ಲಿ ನೀರು ಹಾಕುವರು. ಗಿಡಗಳ ನಡುವೆ ಗೇಣು ಅಳೆದು ಜಾಗ ಬಿಟ್ಟಿರುತ್ತಿದ್ದರು. "ನಮ್ಮಮ್ಮ ಗಿಡಕ್ಕೂ ಮಾರ್ಜಿನ್ ಹಾಕಿಸ್ತಾಳೆ" ಎಂದು ಅವರ ಮಗಳು ತಮಾಷೆ ಮಾಡುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಮದುವೆಯಾಗದ, ನಲವತ್ತರ ಹತ್ತಿರದ ಮಗಳು. ಆ ಮನೆಯಲ್ಲಿದ್ದದ್ದು ಅವರಿಬ್ಬರೇ.

ಟೀಚರಮ್ಮ ಹೋಗಿ ವರ್ಷ ಕಳೆದಿತ್ತು. ತೊಟ್ಟಿ ಮೊದಲಿನ ಕಸದ ಮೂಲೆಯೇ ಆಗಿತ್ತು. ಗುಲಾಬಿ ಒಣಗಿ ಕಡ್ಡಿಯಾಗಿ ನಿಂತಿತ್ತು. ಅದರ ಸುತ್ತ ಹಾಲಿನ ಕವರು, ಒಡೆದ ಬಾಟಲಿ, ಯಾರದೋ ಮನೆ ರಿಪೇರಿಯ ಟೈಲ್ಸು ಚೂರು, ಗಟ್ಟಿಯಾದ ಸಿಮೆಂಟು. ಮಗಳು ಕೆಲಸಕ್ಕೆ ಹೋಗುವಾಗ ಬರುವಾಗ ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಒಂದು ದಿನ ವಾರ್ಡ್ ಕಚೇರಿಯವರು ಬಂದು ತೊಟ್ಟಿಯ ಮೇಲೆ ಸುಣ್ಣದಲ್ಲಿ ಅಡ್ಡಗೆರೆ ಎಳೆದರು. ಒಡೆದು ಹಾಕಿ ಅಲ್ಲಿ ದೊಡ್ಡ ಕಸದ ಡಬ್ಬ ಇಡುತ್ತಾರಂತೆ. ಗೆರೆ ಎಳೆದವನು ಇಸ್ತ್ರಿ ಅಂಗಡಿಯ ಮುಂದೆ ನಿಂತು, "ಯಾರಾದ್ರೂ ನೋಡ್ಕೊಳ್ತೀವಿ ಅಂತ ಬರ್ಕೊಟ್ರೆ ಬಿಡ್ತೀವಿ. ಹತ್ತು ದಿನದೊಳಗೆ ಕ್ಲೀನ್ ಆಗಿರ್ಬೇಕು ಅಷ್ಟೆ" ಅಂದ. ಇಸ್ತ್ರಿಯವನು ಕೈಕೆಲಸ ಬಿಡದೆ, "ನಂಗೆ ಬಟ್ಟೆ ನೋಡ್ಕೊಳ್ಳೋಕೇ ಟೈಮಿಲ್ಲ" ಅಂದ. ಕಿಟಕಿಯಲ್ಲಿದ್ದವರು ಒಳಗೆ ಸರಿದರು. ಆಗತಾನೆ ವ್ಯಾನು ನಿಲ್ಲಿಸಿ ಬಂದಿದ್ದ ವ್ಯಾನಕ್ಕ, "ಎಲ್ಲಿ ಬರೀಬೇಕು ಕೊಡಿ" ಅಂದಳು.

ಅವನು ಕೊಟ್ಟ ಕಾಗದಕ್ಕೆ ಅಲ್ಲೇ ಸಹಿ ಹಾಕಿದಳು.

ಗಂಡ ಫ್ರಿಜ್ ರಿಪೇರಿ ಮಾಡುವವನು. ಊಟಕ್ಕೆ ಬಂದಾಗ ವಿಷಯ ತಿಳಿದು ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿಟ್ಟ.

"ಊರಲ್ಲಿ ಬೇರೆ ತೊಟ್ಟಿ ಇರ್ಲಿಲ್ವಾ ನಿಂಗೆ?"

"ಒಡೆದು ಹಾಕ್ತಾರಂತೆ."

"ಹಾಕ್ಲಿ. ಮುಚ್ಚಿಹೋಗಿದ್ದನ್ನ ನೀನೇ ಕೆದಕ್ತೀನಿ ಅಂತೀಯಲ್ಲ."

"ಮುಚ್ಚಿಹೋಗಿಲ್ಲರೀ," ಅಂದಳು. ಅವನು ಊಟ ಅರ್ಧಕ್ಕೇ ಬಿಟ್ಟು ಕೈತೊಳೆದ.

ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ ಇಷ್ಟು. ಎರಡು ವರ್ಷದ ಹಿಂದೆ, ಬೆಳಿಗ್ಗೆ ಏಳೂಕಾಲರ ಹೊತ್ತಿಗೆ, ಅವಳು ಓಣಿಯ ಮೂಲೆಯಲ್ಲಿ ವ್ಯಾನು ತಿರುಗಿಸಲು ಹಿಂದಕ್ಕೆ ತೆಗೆಯುತ್ತಿದ್ದಳು. ಒಳಗಿದ್ದದ್ದು ಅದೇ ಓಣಿಯ ಇಬ್ಬರು ಪುಟ್ಟ ಮಕ್ಕಳು. ಒಂದರ ಶೂ ಸೀಟಿನಡಿ ಸಿಕ್ಕಿಕೊಂಡು ಅದು ಅಳತೊಡಗಿತು. ಅವಳು ಮಗುವಿನ ಕಡೆ ತಿರುಗಿ, "ಇರು ಪುಟ್ಟ, ತೆಕ್ಕೊಡ್ತೀನಿ" ಅಂದಳು. ಅಂದಿದ್ದು ಅಷ್ಟೇ. ವ್ಯಾನು ಹಿಂದೆ ಸರಿಯುತ್ತಲೇ ಇತ್ತು. ಎಡಗನ್ನಡಿ ಅವಳು ನೋಡಲಿಲ್ಲ. ತಗಡು ನಜ್ಜುಗುಜ್ಜಾದ ಸದ್ದು ಕೇಳಿ ಬ್ರೇಕ್ ಒತ್ತಿದಳು. ಅದರ ಬೆನ್ನಿಗೇ ಟೀಚರಮ್ಮನ ಮಗಳ ಕೂಗು.

ಇಳಿದು ನೋಡಿದರೆ ಟೀಚರಮ್ಮ ತಮ್ಮ ಮನೆಯ ಮೆಟ್ಟಿಲಿಗೂ ತೊಟ್ಟಿಗೂ ನಡುವೆ ಬಿದ್ದಿದ್ದರು. ಹಸಿರು ಕ್ಯಾನು ಹಿಂದಿನ ಎಡಚಕ್ರದ ಕೆಳಗೆ ಚಪ್ಪಟೆಯಾಗಿತ್ತು. ಮಗಳು ಪರ್ಸು ತರಲು ಒಳಗೆ ಓಡಿದಳು. ಅಷ್ಟು ಹೊತ್ತಿನಲ್ಲಿ ವ್ಯಾನಕ್ಕ ಮಕ್ಕಳನ್ನು ಪಕ್ಕದ ಮನೆಗೆ ಬಿಟ್ಟಳು, ವ್ಯಾನು ಒಂದಿಷ್ಟು ಮುಂದೆ ತಂದಳು, ಕ್ಯಾನು ಎತ್ತಿ ಡ್ರೈವರ್ ಸೀಟಿನಡಿ ತಳ್ಳಿದಳು. ಕಾಲಿಗೆ ಅಡ್ಡವಾಗುತ್ತೆ ಅಂತ ತೆಗೆದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಸುಳ್ಳು ಎಂದು ಅವಳಿಗೇ ಗೊತ್ತಿತ್ತು.

ಆಸ್ಪತ್ರೆಗೆ ಕರೆದೊಯ್ದದ್ದೂ ಅದೇ ವ್ಯಾನಿನಲ್ಲೇ. ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಟೀಚರಮ್ಮ ಕಣ್ಣು ಮುಚ್ಚಿಕೊಂಡೇ, "ನಾನೇ ಜಾರಿದೆ" ಅಂದರು. ವ್ಯಾನು ತಾಗಿತೋ, ಹಿಂದೆ ಬರುವುದನ್ನು ಕಂಡು ಗಾಬರಿಯಿಂದ ಕಾಲು ತಪ್ಪಿತೋ, ನಿಜವಾಗಿಯೂ ಜಾರಿದರೋ, ವ್ಯಾನಕ್ಕನಿಗೆ ಅವತ್ತೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಗಂಡನಿಗೆ ಎಲ್ಲ ಹೇಳಿಕೊಂಡು ಅತ್ತಳು. "ಅವ್ರೇ ಜಾರಿದೆ ಅಂದ್ಮೇಲೆ ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ? ಲೈಸೆನ್ಸ್ ಹೋದ್ರೆ ಬೀದಿಗೆ ಬೀಳ್ತೀವಿ" ಎಂದು ಅವನು ಕ್ಯಾನನ್ನು ತನ್ನ ಅಂಗಡಿಯ ಗುಜರಿ ರಾಶಿಗೆ ಹಾಕಿದ. ಗುಜರಿಯವನು ಬಂದಾಗ ಅದೂ ಹೋಯಿತು.

ಟೀಚರಮ್ಮ ಏಳು ತಿಂಗಳು ಹಾಸಿಗೆಯಲ್ಲಿದ್ದರು. ವ್ಯಾನಕ್ಕ ಒಂದೇ ಸಲ ನೋಡಲು ಹೋದಳು. ಅವರು ಅವಳ ಕೈ ಹಿಡಿದುಕೊಂಡು, "ಮಕ್ಕಳೆಲ್ಲ ಚೆನ್ನಾಗಿದಾರಾ?" ಎಂದು ಕೇಳಿದರು. ಅದಾದ ಮೇಲೆ ಅವರು ತೀರಿಕೊಂಡ ದಿನದವರೆಗೂ ಆ ಮನೆಯ ಮೆಟ್ಟಿಲು ಹತ್ತಲು ಅವಳಿಗೆ ಕಾಲು ಬರಲಿಲ್ಲ.

ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದ ಮೇಲೆ ಮಧ್ಯಾಹ್ನ ಕರೆತರುವ ತನಕ ಅವಳಿಗೆ ನಾಲ್ಕು ಗಂಟೆ ಬಿಡುವು. ಮರುದಿನವೇ ಹಳೆ ಗೋಣಿಚೀಲ, ಗುದ್ದಲಿ, ಗಂಡನ ದಪ್ಪ ಕೈಗವಸು ತಂದು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೇಲಿನದೆಲ್ಲ ಸುಲಭವಾಗಿ ಬಂತು. ಕೆಳಕ್ಕೆ ಹೋದಂತೆ ಕೊಳೆತ ಬಟ್ಟೆ, ಮಗುವಿನ ಡಯಾಪರು, ಸುತ್ತಿಕೊಂಡ ವಯರು, ಎಲ್ಲ ಒಂದಕ್ಕೊಂದು ಅಂಟಿ ಬಿಡಿಸಲಾಗದಂತಿದ್ದವು. ವಾಸನೆ ತಡೆಯದೆ ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡು ಮತ್ತೆ ಕೈಹಾಕಿದಳು.

"ಏನು ವ್ಯಾನಕ್ಕ, ನಿಧಿ ಸಿಕ್ತಾ?" ಎಂದು ಇಸ್ತ್ರಿಯವನು ಅಲ್ಲಿಂದಲೇ ಕೇಳಿದ.

"ಸಿಕ್ತು. ನೀನು ಎಸೆದ ಬೀಡಿ ತುಂಡು ನೂರಿದೆ. ಕಳಿಸಿಕೊಡ್ಲಾ?"

ಅವನು ಹಲ್ಲು ಕಿರಿದು ತಲೆ ಬಗ್ಗಿಸಿದ.

ಎರಡನೇ ದಿನ ಮಣ್ಣಿನ ಪಾಳಿ. ಅದು ಮಣ್ಣಾಗಿ ಉಳಿದಿರಲಿಲ್ಲ, ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಹಿಂದಿನ ಸಂಜೆಯೇ ಬಕೆಟ್‌ಗಟ್ಟಲೆ ನೀರು ಸುರಿದಿದ್ದರೂ ಮೇಲೆ ನಾಲ್ಕು ಬೆರಳಷ್ಟೇ ಮೆತ್ತಗಾಗಿತ್ತು. ನೀರು ಹೋಗುವ ತೂತು ಸಿಮೆಂಟಿನಿಂದ ಕಟ್ಟಿತ್ತು. ವ್ಯಾನಿನ ಜಾಕಿನ ಸಲಾಕೆ ತಂದು ಕುಟ್ಟಿ ಕುಟ್ಟಿ ಅದನ್ನು ಬಿಡಿಸಿದಳು. ಒಣಗಿದ ಗುಲಾಬಿಯನ್ನು ಕೀಳುವಾಗ ಬುಡದಲ್ಲಿ ಎಲ್ಲಾದರೂ ಹಸಿರಿದೆಯೇ ಎಂದು ಉಗುರಿನಿಂದ ಕೆರೆದು ನೋಡಿದಳು. ಇರಲಿಲ್ಲ. ಅದನ್ನು ಚೀಲಕ್ಕೆ ಹಾಕಲು ಮನಸ್ಸಾಗದೆ ಗೋಡೆಗೆ ಒರಗಿಸಿಟ್ಟಳು.

ಕೆಲಸ ಮಾಡುತ್ತಿದ್ದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಮೆಟ್ಟಿಲು ಎರಡು ಮಾರು ದೂರದಲ್ಲಿತ್ತು. ಬಗ್ಗಿದಾಗಲೆಲ್ಲ ಓರೆಗಣ್ಣಿಗೆ ಅದೇ ಕಾಣುತ್ತಿತ್ತು.

ಮೂರನೆಯ ದಿನ ನರ್ಸರಿಯವನ ಹತ್ತಿರ ಹೋಗಿ ಎಲೆಗೊಬ್ಬರ, ಮರಳು, ಚೆಂಡುಹೂವಿನ ಹತ್ತು ಸಸಿ, ನಿತ್ಯಪುಷ್ಪದ ಆರು, ಒಂದು ಗುಲಾಬಿ ತಂದಳು. ಮಣ್ಣು ಬೆರೆಸಿ, ಸಸಿಗಳನ್ನು ಒಂದೊಂದಾಗಿ ಊರುತ್ತಿದ್ದಾಗ ಬಾಗಿಲ ಚಿಲಕದ ಸದ್ದಾಯಿತು. ಅವತ್ತು ಔಷಧಿ ಅಂಗಡಿಗೆ ವಾರದ ರಜೆ. ಟೀಚರಮ್ಮನ ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು.

"ಯಾರು ಹೇಳಿದ್ರಕ್ಕ ನಿಮಗೆ ಇದನ್ನ ಮುಟ್ಟೋಕೆ?"

"ಒಡೆದು ಹಾಕ್ತಾರೆ ಅಂದ್ರಮ್ಮ. ಅದಕ್ಕೇ ನಾನು..."

"ಒಡೀಲಿ ಅಂತಾನೇ ನಾನು ಸುಮ್ನಿದ್ದೆ." ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ದಿನಾ ಬೆಳಿಗ್ಗೆ ಬಾಗಿಲು ತೆಗೆದ್ರೆ ಇದೇ ಕಾಣತ್ತೆ. ನಿಮಗೇನು ಗೊತ್ತು."

ಮಗಳು ಮೆಟ್ಟಿಲಿಳಿದು ಬಂದು ಗೋಡೆಗೆ ಒರಗಿದ್ದ ಗುಲಾಬಿ ಕಡ್ಡಿಯನ್ನು ನೋಡಿದಳು.

"ಅವತ್ತು ಮೆಟ್ಟಿಲಿಗೆ ಸೋಪಿನ ನೀರು ಹಾಕಿ ಉಜ್ಜಿದ್ದು ನಾನು. ಒರೆಸ್ಬೇಕು ಅನ್ನೋವಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕಿತು ಅಂತ ಒಳಗೆ ಹೋದೆ. ಅಮ್ಮ ನೀರು ಹಾಕೋಕೆ ಅಂತ ಹೊರಗೆ ಬಂದ್ರು. ಆಸ್ಪತ್ರೇಲಿ ಚಿಕ್ಕಮ್ಮ ಎಲ್ಲರ ಮುಂದೆ ಅಂದ್ರು, ಹೆತ್ತವಳನ್ನ ಬೀಳಿಸಿ ಈಗ ಅಳ್ತಾಳೆ ಅಂತ. ಅಮ್ಮ ಹೋದ್ಮೇಲೆ ಅವ್ರು ಈ ಮನೆಗೆ ಕಾಲಿಟ್ಟಿಲ್ಲ. ನಾನೂ ಕರ್ದಿಲ್ಲ. ಅವ್ರು ಹೇಳಿದ್ದು ನಿಜಾನೇ ತಾನೆ."

ವ್ಯಾನಕ್ಕನ ಕೈಯಲ್ಲಿದ್ದ ಸಸಿಯ ಮಣ್ಣು ಪುಡಿಪುಡಿಯಾಗಿ ಉದುರಿತು. ಮೆಟ್ಟಿಲು, ಸೋಪಿನ ನೀರು, ಚಿಕ್ಕಮ್ಮ, ಯಾವುದೂ ಅವಳಿಗೆ ತಿಳಿದಿರಲಿಲ್ಲ. ತನ್ನ ಮೌನ ತನ್ನನ್ನು ಮಾತ್ರ ತಿನ್ನುತ್ತಿದೆ ಎಂದುಕೊಂಡಿದ್ದಳು. ಅದು ಎರಡು ಮಾರು ಆಚೆಯ ಬಾಗಿಲೊಳಗೆ ಇನ್ನೊಬ್ಬಳನ್ನೂ ತಿನ್ನುತ್ತಿತ್ತು.

"ನಿಜ ಅಲ್ಲಮ್ಮ ಅದು," ಅಂದಳು. ಸಸಿಯನ್ನು ಕೆಳಗಿಟ್ಟು ಎದ್ದು ನಿಂತಳು. "ಅವತ್ತು ನಾನು ಕನ್ನಡಿ ನೋಡ್ಲಿಲ್ಲ."

ಮಗಳು ಅರ್ಥವಾಗದೆ ನೋಡಿದಳು.

"ವ್ಯಾನು ಹಿಂದಕ್ಕೆ ಹೋಗ್ತಿತ್ತು. ನಾನು ಮಗು ಕಡೆ ತಿರುಗಿದ್ದೆ. ಸದ್ದಾಯ್ತು. ಟೀಚರಮ್ಮನ ಕ್ಯಾನು ಚಕ್ರದ ಕೆಳಗಿತ್ತು. ವ್ಯಾನು ಅವ್ರಿಗೆ ತಾಗಿತಾ ಇಲ್ವಾ ನಂಗೆ ಗೊತ್ತಿಲ್ಲ, ಆಣೆ ಮಾಡಿ ಹೇಳ್ತೀನಿ. ಆದ್ರೆ ಕ್ಯಾನು ಎತ್ತಿ ಬಚ್ಚಿಟ್ಟಿದ್ದು ನಾನು. ನೀನು ಒಳಗೆ ಹೋಗಿದ್ದಾಗ."

ಮಗಳು ಆಮೇಲೆ ಕೇಳಿದ್ದು ಬೇರೆಯೇ.

"ಆ ಕ್ಯಾನು ನಿಮ್ಮ ಹತ್ರ ಇತ್ತಾ?"

"ಗುಜರಿಗೆ ಹೋಯ್ತು."

"ಮನೆಯೆಲ್ಲಾ ಹುಡುಕಿದೆ ನಾನು. ಅಮ್ಮ ಹಾಸಿಗೇಲಿ ಮಲಗಿ ದಿನಾ ಕೇಳೋವ್ರು, ಗಿಡಕ್ಕೆ ನೀರು ಹಾಕಿದ್ಯಾ, ಕ್ಯಾನು ಸಿಕ್ತಾ ಅಂತ. ಕದ್ದುಬಿಟ್ಟಿದಾರೆ ಅಮ್ಮ ಅಂತ ಹೇಳ್ತಿದ್ದೆ." ಅವಳು ಮೆಟ್ಟಿಲ ಕಡೆ ಕೈ ತೋರಿಸಿದಳು. "ಎರಡು ವರ್ಷ. ದಿನಾ ನನ್ನ ಮುಂದೇನೇ ವ್ಯಾನು ತಿರುಗಿಸ್ಕೊಂಡು ಹೋಗ್ತಿದ್ರಿ. ಆ ಮೆಟ್ಟಿಲು ಇಳಿಯೋವಾಗೆಲ್ಲ ನನ್ನ ಕಾಲನ್ನೇ ಕತ್ತರಿಸ್ಕೊಳ್ಳೋಣ ಅನ್ನಿಸ್ತಿತ್ತು ನಂಗೆ. ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

ಅಲ್ಲಿಯವರೆಗೆ ಇದ್ದ ಅಕ್ಕ ಎಂಬ ಮಾತು ಬಿಟ್ಟುಹೋಗಿದ್ದನ್ನು ವ್ಯಾನಕ್ಕ ಗಮನಿಸಿದಳು. ಕ್ಷಮಿಸು ಎನ್ನಲು ಬಾಯಿ ತೆರೆದಳು; ಅದು ತೀರ ಸಣ್ಣ ಮಾತು ಅನ್ನಿಸಿ ಮುಚ್ಚಿದಳು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವ್ಯಾನಕ್ಕ ಉಳಿದ ಸಸಿಗಳನ್ನು ಹೇಗೋ ನೆಟ್ಟು ಮುಗಿಸಿದಳು. ಕೈ ಎಲ್ಲಿ ಹೋಯಿತೋ ಅಲ್ಲಿ. ಮಧ್ಯಾಹ್ನ ಮಕ್ಕಳನ್ನು ಕರೆತರಲು ಹೋಗುವ ಮೊದಲು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತಿದ್ದಳು.

ಎರಡು ದಿನ ಕಳೆದು ಮಗಳೇ ವ್ಯಾನಕ್ಕನ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ಚಿಕ್ಕಮ್ಮನ ಮನೆಗೆ ಬರ್ಬೇಕು ನೀವು. ನನಗೆ ಹೇಳಿದ್ದನ್ನ ಅವ್ರಿಗೂ ಹೇಳ್ಬೇಕು. ಹೀಗೇ, ಒಂದೂ ಬಿಡದೆ."

ಒಳಗಿನಿಂದ ಗಂಡ ಎದ್ದು ಬಂದ. "ಆಗಿಹೋಗಿದ್ದಕ್ಕೆ ಈಗ್ಯಾಕಮ್ಮ ಇದೆಲ್ಲ..."

"ನೀವು ಸುಮ್ನಿರ್ರಿ," ಎಂದಳು ವ್ಯಾನಕ್ಕ. ಮದುವೆಯಾದಂದಿನಿಂದ ಗಂಡನಿಗೆ ಹೊರಗಿನವರ ಮುಂದೆ ಹಾಗೆ ಅಂದವಳಲ್ಲ. ಚಪ್ಪಲಿ ಮೆಟ್ಟಿದಳು. "ನಡಿಯಮ್ಮ, ಈಗ್ಲೇ ಹೋಗೋಣ."

ವ್ಯಾನಿನಲ್ಲಿ ಹೋಗೋಣವೇ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಬಸ್ಸಿನಲ್ಲಿ ಹೋದರು. ಒಬ್ಬಳು ಮುಂದೆ, ಒಬ್ಬಳು ಹಿಂದೆ.

ಚಿಕ್ಕಮ್ಮ ಟೀಚರಮ್ಮನ ತಂಗಿ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ, ಅಕ್ಕನದೇ ಮೂಗು ಹಣೆಯ ಹೆಂಗಸು. ಅಕ್ಕನ ಮಗಳನ್ನು ಬಾಗಿಲಲ್ಲಿ ಕಂಡು ಮೆಷಿನ್ನು ನಿಲ್ಲಿಸಿದರು, ಬಾ ಎನ್ನಲಿಲ್ಲ. ವ್ಯಾನಕ್ಕ ನಿಂತೇ ಹೇಳಿದಳು. ಮಗುವಿನ ಶೂ, ನೋಡದ ಕನ್ನಡಿ, ಚಕ್ರದ ಕೆಳಗಿನ ಕ್ಯಾನು, ಸೀಟಿನಡಿ ತಳ್ಳಿದ್ದು, ಗುಜರಿ. ಹೇಳುತ್ತ ಹೋದಂತೆ ಎಲ್ಲ ಎಷ್ಟು ಚಿಕ್ಕದಾಗಿ, ಎಷ್ಟು ನೀಚವಾಗಿ ಕೇಳುತ್ತದೆ ಎಂದು ಅವಳಿಗೆ ಅನ್ನಿಸಿತು.

ಚಿಕ್ಕಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನ್ನಕ್ಕನ ಶವದ ಮುಂದೇನೂ ಬಂದು ನಿಂತಿದ್ದೆ ನೀನು. ನನಗೆ ನೆನಪಿದೆ. ನೀರು ತಂದುಕೊಟ್ಟೆ."

"ಹೌದಮ್ಮ."

"ಈಗ ಹೇಳಿದ್ರೆ ಏನು ಬಂತು?"

ಚಿಕ್ಕಮ್ಮ ಅವಳನ್ನು ಬಿಟ್ಟು ಅಕ್ಕನ ಮಗಳ ಕಡೆ ತಿರುಗಿದರು. ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಸುಮ್ಮನೆ ಮಡಚಿದರು, ಬಿಚ್ಚಿದರು. "ಬಿಸಿಲಲ್ಲಿ ಬಂದಿದೀಯ. ಒಳಗೆ ಹೋಗಿ ಮುಖ ತೊಳ್ಕೊ" ಎಂದರು ಕೊನೆಗೆ. ಮಗಳು ಒಳಗೆ ಹೋದಳು. ವ್ಯಾನಕ್ಕನಿಗೆ ಕೂರು ಎಂದು ಯಾರೂ ಹೇಳಲಿಲ್ಲ. ಅವಳು ಮೆಟ್ಟಿಲಿಳಿದು ಒಬ್ಬಳೇ ಬಸ್ಸು ಹಿಡಿದಳು.

ಸುದ್ದಿ ಓಣಿಗೆ ಬರಲು ವಾರ ಹಿಡಿಯಲಿಲ್ಲ. ಯಾರು ಹೇಳಿದರೆಂದು ಅವಳು ವಿಚಾರಿಸಲಿಲ್ಲ. ಮಕ್ಕಳ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕಂಡು ತಾನೇ ಎಲ್ಲ ಹೇಳಿದಳು. ಕೆಲವರು ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಜಾಗ್ರತೆ ಎಂದು ಎಲ್ಲರಿಗಿಂತ ಹೆಚ್ಚು ಹೊಗಳುತ್ತಿದ್ದವಳೇ ಮೊದಲು ಬಿಡಿಸಿದವಳು. ಶಾಲೆಯ ಆಫೀಸಿನಲ್ಲಿ ಕರೆದು ಕೇಳಿದರು, ಬರೆಸಿಕೊಂಡರು, ಇನ್ನು ಮುಂದೆ ಜೊತೆಗೊಬ್ಬಳು ಆಯಾ ಇರಲೇಬೇಕು ಎಂದರು. ಗಂಡ ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೊಂದು ದಿನ ತಟ್ಟೆಯ ಮುಂದೆ ಕೂತು, "ಕ್ಯಾನು ಗುಜರಿಗೆ ಹಾಕಿದ್ದು ನಾನು ಅಂತಾನೂ ಹೇಳಿದ್ಯಾ?" ಎಂದು ಕೇಳಿದ. ಇಲ್ಲ ಅಂದಳು. "ಹೇಳ್ಬೇಕಿತ್ತು" ಎಂದು ಅನ್ನಕ್ಕೆ ಕೈಹಾಕಿದ.

ಬರೆದುಕೊಟ್ಟಿದ್ದಳಲ್ಲ, ತೊಟ್ಟಿಗೆ ನೀರು ಹಾಕುವುದನ್ನು ಮಾತ್ರ ಅವಳು ಬಿಡಲಿಲ್ಲ. ವಾರ್ಡಿನವನು ಬಂದು ನೋಡಿ ಸುಣ್ಣದ ಗೆರೆಯನ್ನು ಒರೆಸಿ ಹೋದ. ಸಸಿಗಳು ಮಾತ್ರ ಏಳಲೊಲ್ಲವು. ಚೆಂಡುಹೂವು ಒಂದರ ಮೇಲೊಂದು ಬಿದ್ದು ಹಳದಿಗಟ್ಟಿದವು. ನಾಲ್ಕು ಸತ್ತವು. ಗುಲಾಬಿಗೆ ಹುಳ ಬಿತ್ತು. ಯಾರೋ ಮತ್ತೆ ಒಂದು ಹಾಲಿನ ಕವರು ಎಸೆದಿದ್ದರು. ಇಸ್ತ್ರಿಯವನೇ ಬಂದು ಎತ್ತಿಕೊಂಡು ಹೋದ.

ಟೀಚರಮ್ಮನ ಮಗಳು ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಆದರೆ ಭಾನುವಾರಗಳಂದು ಚಿಕ್ಕಮ್ಮ ಆ ಮನೆಗೆ ಬರತೊಡಗಿದ್ದರು. ಮೆಟ್ಟಿಲೇರುವಾಗ ಅಕ್ಕನ ಮಗಳ ಭುಜ ಹಿಡಿದುಕೊಂಡು ನಿಧಾನವಾಗಿ ಏರುವುದನ್ನು ವ್ಯಾನಕ್ಕ ದೂರದಿಂದ ಕಂಡಳು. ಕಂಡು ಸಮಾಧಾನವಾಯಿತೆಂದು ಹೇಳಲಾಗದು. ಎರಡು ವರ್ಷ ಮೊದಲೇ ಆಗಬಹುದಿತ್ತಲ್ಲ ಎಂದು ಅನ್ನಿಸಿತು.

ಅಂಥ ಒಂದು ಭಾನುವಾರ ಬೆಳಿಗ್ಗೆ ಅವಳು ಮಗ್ಗಿನಲ್ಲಿ ನೀರು ತಂದಾಗ ಮಗಳು ತೊಟ್ಟಿಯ ಮುಂದೆ ಬಗ್ಗಿ ನಿಂತು ಗಿಡ ಕೀಳುತ್ತಿದ್ದಳು. ಕಿತ್ತು ಎಸೆಯುತ್ತಿದ್ದಾಳೆ, ಎಸೆಯಲಿ, ಅದು ಅವಳ ಹಕ್ಕು ಎಂದುಕೊಂಡು ವ್ಯಾನಕ್ಕ ಅಲ್ಲೇ ನಿಂತಳು. ಮಗಳು ಬುಡದ ಮಣ್ಣು ಚೆದುರದ ಹಾಗೆ ಒಂದು ಚೆಂಡುಹೂವಿನ ಗಿಡವನ್ನು ಮೇಲೆತ್ತಿ, ಅದರ ಹಳೆಯ ಜಾಗದಿಂದ ಕೈ ಚಾಚಿ ಗೇಣು ಅಳೆದು, ಅಲ್ಲಿ ಹೊಸದಾಗಿ ಗುಂಡಿ ತೋಡಿದಳು. ತಲೆ ಎತ್ತಲಿಲ್ಲ.

"ಇಷ್ಟು ಹತ್ರ ಹತ್ರ ನೆಟ್ರೆ ಒಂದೂ ಬರಲ್ಲ," ಅಂದಳು.

"ನಂಗೆ ಗೊತ್ತಿರ್ಲಿಲ್ಲ."

"ಗುಲಾಬಿಗೆ ದಿನಾ ನೀರು ಬೇಡ. ಬೇರು ಕೊಳೆಯತ್ತೆ."

"ಸರಿ."

ಮಗಳು ಇನ್ನೂ ಎರಡು ಗಿಡಗಳನ್ನು ಸರಿಸಿ ನೆಟ್ಟು, ಕೈಯ ಮಣ್ಣು ಕೊಡವಿ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ವ್ಯಾನಕ್ಕ ಮಗ್ಗಿನ ನೀರನ್ನು ಸರಿಸಿ ನೆಟ್ಟ ಗಿಡಗಳಿಗೆ ಮಾತ್ರ ಹಾಕಿದಳು, ಗುಲಾಬಿಗೆ ಹಾಕಲಿಲ್ಲ. ಉಳಿದ ಮೂರು ಚೆಂಡುಹೂವಿನ ಗಿಡಗಳು ಇನ್ನೂ ಒತ್ತಾಗಿಯೇ ಇದ್ದವು. ಅವನ್ನು ತಾನು ಸರಿಸಬಹುದೋ, ಮಗಳು ಬರುವ ತನಕ ಬಿಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಬಿಡುವುದೇ ಸರಿ ಎಂದುಕೊಂಡು ಮನೆ ಕಡೆ ನಡೆದಳು.